ಚಿಕ್ಕ ಮನೆಗೆ ಹೊರಗೂ ಜಾಗ ಬೇಕು

ಚಿಕ್ಕ ಮನೆಯಲ್ಲಿ ನೆಮ್ಮದಿಯಿಂದ ಇರಬಹುದು ಎನ್ನುವುದಕ್ಕೆ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆಯ ಮರದ ಮನೆ ಒಳ್ಳೆಯ ಸಾಕ್ಷಿ. ಚಂಡೀಗಢದಂಥ ಇಡೀ ನಗರದ ನಕ್ಷೆ ಬರೆದ ಮನುಷ್ಯ 1952ರ ಹೊತ್ತಿಗೆ ಫ್ರಾನ್ಸಿನ ಕಡಲ ದಂಡೆಯಲ್ಲಿ ತನಗೆಂದು ಕಟ್ಟಿಸಿಕೊಂಡದ್ದು 3.66 ಮೀಟರ್ ಉದ್ದ, ಅಷ್ಟೇ ಅಗಲದ ಒಂದೇ ಕೋಣೆ. ಸಾಮಾನಿಡಲು ಮಂಚದಡಿಯಲ್ಲೇ ಡ್ರಾಯರು, ಮುಖ ನೋಡಿಕೊಳ್ಳಲು ಕಿಟಕಿಯ ಬಾಗಿಲಲ್ಲೇ ಕನ್ನಡಿ. ಅಡುಗೆಮನೆ ಇಲ್ಲವೇ ಇಲ್ಲ, ಊಟಕ್ಕೆ ಪಕ್ಕಕ್ಕೇ ಅಂಟಿಕೊಂಡಿದ್ದ ಹೋಟೆಲು. ಈಜಲು ಎದುರಿಗೇ ಕಡಲು. ಮನೆ ಕಿರಿದಾಗಿದ್ದರೂ ಬದುಕು ಕಿರಿದಾಗದಂತೆ ಕಾದದ್ದು ಹೊರಗಿನ ಈ ಆಸರೆಯೇ.

ರಜೆಗೆ ಬರುವ ಹೆಸರಾಂತ ವ್ಯಕ್ತಿಯ ಮಾತು ಬೇರೆ, ಬೆಂಗಳೂರಿನ ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಬಾಡಿಗೆಗಿರುವ ಐದು ಜನರ ಸಂಸಾರದ ಪಾಡು ಬೇರೆ ಎಂದರೆ ಒಪ್ಪಲೇಬೇಕು. ಬಡತನದ ಇಕ್ಕಟ್ಟನ್ನು ಸರಳತೆ ಎಂದು ಹೊಗಳುವುದು ಅನ್ಯಾಯ. ಆದರೆ ಹಳೆಯ ವಠಾರಗಳನ್ನು ನೆನೆಯಿರಿ. ನಲ್ಲಿಯ ಹತ್ತಿರ ಜಗಳಗಳೇನೂ ಕಡಿಮೆಯಿರಲಿಲ್ಲ, ನಿಜ. ಆದರೂ ಅಕ್ಕಿ ಆರಿಸುವುದು, ಹೂ ಕಟ್ಟುವುದು, ಮಕ್ಕಳ ಓದು ಎಲ್ಲವೂ ಅಂಗಳಕ್ಕೆ ಹರಡಿಕೊಳ್ಳುತ್ತಿದ್ದುದರಿಂದ ಎರಡು ಕೋಣೆಯಲ್ಲೂ ಉಸಿರಾಡಲು ಆಗುತ್ತಿತ್ತು. ಈಗ ಅದೇ ಅಳತೆಯ ಮನೆ ಉಸಿರುಗಟ್ಟಿಸುತ್ತದೆ, ಏಕೆಂದರೆ ಅಂಗಳ ಹೋಗಿದೆ, ಜಗಲಿ ಹೋಗಿದೆ, ಫುಟ್‌ಪಾತಿನ ಮೇಲೆ ಬೈಕು ನಿಂತಿದೆ.