ಬಣ್ಣವೂ ಅನ್ನವೂ

ಮಕ್ಕಳಿಗೆ ಕಲೆಯಲ್ಲಿ ಆಸಕ್ತಿಯಿದ್ದರೆ ನಾವು ಹಿಗ್ಗುತ್ತೇವೆ. ಆ ಕಲೆಯಿಂದಲೇ ಬದುಕುವೆವೆಂದು ಅವರು ಹೇಳಿದ ದಿನ ನಮ್ಮ ಹಿಗ್ಗು ಚಿಂತೆಯಾಗಿ ಮಾರ್ಪಡುತ್ತದೆ. ಇದು ಗೃಹಸ್ಥರಾದವರೆಲ್ಲರ ಅನುಭವ. ನನ್ನ ಮಗಳು ಆರು ವರ್ಷಗಳಿಂದ ಜಾಹೀರಾತುಗಳಿಗೆ ಚಿತ್ರ ಬರೆದು ಸಂಪಾದಿಸುತ್ತಿರುವಳು. ಸಾಬೂನಾಗಲಿ, ಬಿಸ್ಕತ್ತಾಗಲಿ, ಸೀರೆಯಾಗಲಿ, ಅವಳ ಕೈ ಅದಕ್ಕೊಂದು ಕಳೆಯನ್ನು ಕೊಡುತ್ತದೆ. ಈಗ ಅವಳು, "ಅಪ್ಪಾ, ಇನ್ನು ಮೇಲೆ ಬೆಟ್ಟ, ಕೆರೆ, ಬಯಲುಗಳನ್ನಷ್ಟೇ ಬರೆಯುತ್ತೇನೆ" ಎನ್ನುತ್ತಾಳೆ. ಅವಳ ತಾಯಿ ಕೇಳಿದ್ದು ಒಂದೇ ಮಾತು: "ಬೆಟ್ಟವನ್ನು ಕೊಳ್ಳುವವರು ಯಾರು?"

ಈ ಪ್ರಶ್ನೆಗೆ ಉತ್ತರವನ್ನರಸುತ್ತ ನಾನು ಅಮೆರಿಕದ ಚಿತ್ರಕಾರ ವಿನ್‌ಸ್ಲೋ ಹೋಮರನ ಜೀವನಚರಿತ್ರೆಯನ್ನು ಓದಿದೆನು. 1836ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿದ ಆತನಿಗೆ, ನೀರುಬಣ್ಣದ ಚಿತ್ರಗಳನ್ನು ಬರೆಯುತ್ತಿದ್ದ ತಾಯಿಯೇ ಮೊದಲ ಗುರು. ಸುಮಾರು 19ನೆಯ ವಯಸ್ಸಿನಲ್ಲಿ ಕಲ್ಲಚ್ಚಿನ ಕಾರ್ಖಾನೆಯೊಂದನ್ನು ಸೇರಿ ಕೆಲಸ ಕಲಿತನು. 21ರಲ್ಲಿ ಅದನ್ನು ಬಿಟ್ಟವನು ಮತ್ತೆ ಯಾರ ಸಂಬಳದಾಳೂ ಆಗಲಿಲ್ಲ. 'ಹಾರ್ಪರ್ಸ್ ವೀಕ್ಲಿ' ಪತ್ರಿಕೆಯವರು ಕಾಯಂ ಕೆಲಸವನ್ನು ಕೊಡಬಂದರೂ ಒಪ್ಪದೆ, ಚಿತ್ರಕ್ಕಿಷ್ಟೆಂದು ಹಣ ಪಡೆದು ಬರೆದುಕೊಟ್ಟನು. 1861ರಲ್ಲಿ ಆರಂಭವಾದ ಅಂತರ್ಯುದ್ಧದಲ್ಲಿ ದಂಡಿನ ಬಿಡಾರಗಳಿಗೇ ಹೋಗಿ ಚಿತ್ರಿಸಿದನು. ಅವುಗಳನ್ನು ಮರದ ಅಚ್ಚಿನಲ್ಲಿ ಬೇರೆಯವರು ಕೊರೆಯುತ್ತಿದ್ದರು. ಬಣ್ಣಕ್ಕೆ ಅಲ್ಲಿ ಎಡೆಯಿಲ್ಲ. ಕಪ್ಪು ಬಿಳುಪುಗಳಲ್ಲಿಯೇ ಬೆಳಕನ್ನು ತೋರಿಸಬೇಕು, ಬೇಡದ ಗೆರೆಯನ್ನು ಕೈಬಿಡಬೇಕು. ಕೂಲಿಯ ಕೆಲಸವೆಂದು ಜನ ಹಳಿಯುವ ಆ ವರ್ಷಗಳೇ ಆತನ ಕೈಯನ್ನು ಪಳಗಿಸಿದವೆಂದು ನನ್ನ ನಂಬಿಕೆ.

ಆತನು ಆ ಕಸುಬನ್ನು ಬಿಟ್ಟ ರೀತಿಯೂ ಗಮನಿಸತಕ್ಕದ್ದು. 1873ರಲ್ಲಿ ಗ್ಲಾಸ್ಟರ್ ಎಂಬ ಬಂದರಿನಲ್ಲಿದ್ದಾಗ ನೀರುಬಣ್ಣವನ್ನು ಶ್ರದ್ಧೆಯಿಂದ ಕೈಗೊಂಡನು. ಅದರ ಆಸರೆ ದೊರೆತ ಮೇಲೆ, 1875ರಲ್ಲಿ, ಪತ್ರಿಕೆಯ ಕೆಲಸವನ್ನು ನಿಲ್ಲಿಸಿದನು. 1883ರಲ್ಲಿ ಮೇನ್ ಪ್ರಾಂತದ ಪ್ರೌಟ್ಸ್ ನೆಕ್ ಎಂಬ ಕಡಲತೀರದಲ್ಲಿ ನೆಲೆಸಿದನು. 1895ರಲ್ಲಿ ಪ್ರದರ್ಶಿಸಿದ 'ನಾರ್ತ್‌ಈಸ್ಟರ್' ಎಂಬ ಚಿತ್ರದಲ್ಲಿ ಮೊದಲು ಇಬ್ಬರು ಮನುಷ್ಯರಿದ್ದರು. ಆಮೇಲೆ ಆತನೇ ಅವರನ್ನು ಅಳಿಸಿ, ಬಂಡೆಯನ್ನೂ ಅಲೆಯನ್ನೂ ಮಾತ್ರ ಉಳಿಸಿದನು. 1910ರಲ್ಲಿ ಆ ತೀರದಲ್ಲಿಯೇ ತೀರಿಕೊಂಡನು.

ಅಲೆಗಳೆದುರು ಒಂಟಿಯಾಗಿ ನಿಂತ ಕಲಾವಿದನೆಂದು ಲೋಕವು ಆತನನ್ನು ಕೊಂಡಾಡುತ್ತದೆ. ಆದರೆ ಆ ತೀರದ ಭೂಮಿಯನ್ನು ಕೊಂಡವರು ಆತನ ತಂದೆಯೂ ಸೋದರರೂ. ಕುದುರೆಗಾಡಿಯ ಕೊಟ್ಟಿಗೆಯೇ ಆತನ ಚಿತ್ರಶಾಲೆಯಾಯಿತು. ಆ ಏಕಾಂತದ ಕೆಳಗಿದ್ದುದು ಮನೆಯವರ ನೆಲ. ಇದನ್ನು ಓದಿದಾಗ, ನನ್ನ ಹೆಂಡತಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಮಗಳೊಬ್ಬಳೇ ಅಲ್ಲ, ನಾವೂ ಹೌದೆಂದು ತೋರಿತು.

ಹೋಮರನು ಮದುವೆಯಾಗಲಿಲ್ಲ, ನನ್ನ ಮಗಳಿಗಾದರೋ ಶಾಲೆಗೆ ಹೋಗುವ ಮಗನಿದ್ದಾನೆ, ಅವನ ಖರ್ಚು ತಿಂಗಳು ತಿಂಗಳೂ ತಪ್ಪದು. ಆದಕಾರಣ ಎರಡು ವರ್ಷ ಅರ್ಧ ಹೊತ್ತು ಜಾಹೀರಾತಿನ ಕೆಲಸ, ಅರ್ಧ ಹೊತ್ತು ಬೆಟ್ಟಗಳು ಎಂದು ಗೊತ್ತುಮಾಡಿದೆವು. ಬಾಡಿಗೆಗೆ ಕೊಡುತ್ತಿದ್ದ ಮಹಡಿಯ ಕೋಣೆಯನ್ನು ಅವಳಿಗೆ ಬಿಟ್ಟೆವು. ಅವಳು ಒಪ್ಪಿ, ಒಂದೇ ಷರತ್ತನ್ನು ಹಾಕಿದಳು: ಎಷ್ಟು ಚಿತ್ರ ಮಾರಾಟವಾಯಿತೆಂದು ತಿಂಗಳಿಗೊಮ್ಮೆ ನಾವು ಕೇಳಕೂಡದು. ತಂದೆಯಾದವನಿಗೆ ಇದು ಬಾಡಿಗೆಯನ್ನು ಬಿಡುವುದಕ್ಕಿಂತಲೂ ಕಷ್ಟ. ಆದರೂ ಮಾತು ಕೊಟ್ಟಿದ್ದೇನೆ.