ಕುಂತೂರಿನ ಹೊಲದ ಮಣ್ಣು

ಕೊಳ್ಳೇಗಾಲದ ಸೀಮೆಯಲ್ಲಿ ಕುಂತೂರೆಂದೊಡನೆ ಮಾದಪ್ಪನ ಒಕ್ಕಲಿನವರಿಗೆ ಅಲ್ಲಿಯ ಮಠವು ನೆನಪಾಗುವುದು. ಕಂಸಾಳೆಯವರು ಹಾಡುವ ಕಥೆಯಲ್ಲಿ ಅದರ ಹೆಸರು ಬರುತ್ತದೆ. ಈಚಿನವರಿಗೆ ನೆನಪಾಗುವುದು ಸಕ್ಕರೆ ಕಾರ್ಖಾನೆ ಮತ್ತು ಕಬ್ಬಿನ ಗಾಡಿಗಳ ಸಾಲು. ನಮಗೆ ಮಾತ್ರ ಆ ಊರೆಂದರೆ ಬಾವಿಯಿಂದ ಇಪ್ಪತ್ತು ಮಾರು ದೂರದಲ್ಲಿರುವ, ಒಂದು ಕೊಠಡಿಯಷ್ಟು ಅಗಲದ ನೆಲ.

ಅದು ನಮ್ಮ ತಮ್ಮನ ಹೊಲ. ಎರಡು ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದಾಗ ಟ್ರ್ಯಾಕ್ಟರಿಗೆ ಪೀಪಾಯಿಯಿಂದ ಡೀಸೆಲ್ ಅಳೆದು ಕೊಟ್ಟು, ನಲ್ಲಿಯನ್ನು ಸರಿಯಾಗಿ ಬಿಗಿಯದೆ ಬಂದವರು ನಾವೇ. ಬೆಳಗಾಗುವಷ್ಟರಲ್ಲಿ ಅರ್ಧ ಪೀಪಾಯಿ ನೆಲದ ಪಾಲಾಗಿತ್ತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರಿಗೆ ಜಾಗರೂಕತೆಯನ್ನು ಬೋಧಿಸಿದವರ ಗತಿ ಇದು! ತಮ್ಮನು ಒಂದು ಮಾತನ್ನೂ ಆಡಲಿಲ್ಲ. ಆತನ ಹೆಂಡತಿಯು ಮಾತ್ರ, “ಭಾವನವರೆ, ಇನ್ನು ಬಾವಿಯ ನೀರನ್ನು ಕುಡಿಯಬಹುದೆ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಬೆಂಕಿಯಿಡಿರೆಂದರು ಕೆಲವರು, ಸೋಪಿನ ನೀರಿನಿಂದ ತೊಳೆಯಿರೆಂದರು ಕೆಲವರು. ಕೃಷಿಶಾಸ್ತ್ರ ಓದಿದ ನಮ್ಮ ಹಳೆಯ ಶಿಷ್ಯನೊಬ್ಬನು ಎರಡನ್ನೂ ತಡೆದನು. ಉರಿಯುವುದು ಮೇಲಿನದು ಮಾತ್ರ. ಸೋಪಿನ ನೀರಾದರೋ ಎಣ್ಣೆಯನ್ನು ಬಾವಿಯತ್ತಲೇ ಇಳಿಸುವುದು. ಎಣ್ಣೆಯನ್ನು ಆಹಾರವಾಗಿ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿಯೇ ಇರುತ್ತವೆಂದೂ, ಎಣ್ಣೆಯಲ್ಲಿಲ್ಲದ ಸಾರಜನಕ ಮತ್ತು ರಂಜಕಗಳನ್ನೂ ಗಾಳಿಯನ್ನೂ ತೇವವನ್ನೂ ನಾವು ಒದಗಿಸಬೇಕೆಂದೂ ಆತನು ತಿಳಿಸಿದನು. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಅಲಾಸ್ಕಾದ ಕಡಲಲ್ಲಿ ಎಣ್ಣೆ ಚೆಲ್ಲಿದಾಗ ದಡಗಳಿಗೆ ಗೊಬ್ಬರವನ್ನೇ ಎರಚಿದರಂತೆ. ನಮ್ಮ ದೇಶದಲ್ಲಿಯೂ ದೆಹಲಿಯ ಟೆರಿ ಸಂಸ್ಥೆಯವರು ಇಂಥ ಜೀವಿಗಳನ್ನು ಬೆಳೆಸಿ, ಮುಸುಕಿನ ಜೋಳದ ದಿಂಡಿನ ಪುಡಿಯಲ್ಲಿ ಬೆರೆಸಿ, ಆಯಿಲ್‌ಝಾಪರ್ ಎಂಬ ಹೆಸರಿನಿಂದ ಎಣ್ಣೆಬಾವಿಗಳ ಪ್ರದೇಶಗಳಲ್ಲಿ ಬಳಸಿದ್ದಾರೆ.

ವಾಸನೆ ನಿಲ್ಲುವವರೆಗೆ ಅಗೆದು, ಆ ಮಣ್ಣನ್ನು ಟಾರ್ಪಾಲಿನ ಮೇಲೆ ಗೇಣುದ್ದ ಹರಡಿ, ಸುತ್ತ ಬದು ಕಟ್ಟಿದೆವು. ಕೊಟ್ಟಿಗೆ ಗೊಬ್ಬರ, ಸ್ವಲ್ಪ ಯೂರಿಯಾ, ಸ್ವಲ್ಪ ಸೂಪರ್ ಫಾಸ್ಫೇಟು ಸೇರಿಸಿ, ವಾರಕ್ಕೊಮ್ಮೆ ತಿರುವಿ ಹಾಕಿ, ಮಳೆ ಬಂದಾಗ ಮುಚ್ಚಿದೆವು. ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿ, ಉತ್ತರ ಬರುವವರೆಗೆ ಊರ ನಲ್ಲಿಯಿಂದ ನೀರು ಹೊತ್ತೆವು. ಕೊಡಗಳಲ್ಲಿ ಒಂದು ನಮ್ಮ ಹೆಗಲ ಮೇಲೆಯೇ ಇತ್ತು. ಎರಡು ಸಲವೂ ನೀರಿನಲ್ಲಿ ಎಣ್ಣೆ ಕಾಣಲಿಲ್ಲವೆಂದು ವರದಿ ಬಂದಿತು.

ಮಣ್ಣು ಅಷ್ಟು ಬೇಗ ಒಲಿಯಲಿಲ್ಲ. ಮೂರನೆಯ ತಿಂಗಳಲ್ಲಿ ಕುಂಡದಲ್ಲಿಟ್ಟ ಇಪ್ಪತ್ತು ಅಲಸಂದೆ ಬೀಜಗಳಲ್ಲಿ ನಾಲ್ಕೇ ಮೊಳೆತವು. ಒಂದು ವರ್ಷದ ಮೇಲೆ ಹದಿನೇಳು. ಆಗ ಮಣ್ಣನ್ನು ಹಳ್ಳಕ್ಕೆ ಮರಳಿಸಿದೆವು.

ಕಳೆದ ಕಾರ್ತಿಕದಲ್ಲಿ ಹೋದಾಗ ಅಲ್ಲಿ ರಾಗಿ ತೆನೆ ಕಟ್ಟಿತ್ತು, ಉಳಿದ ಹೊಲಕ್ಕಿಂತ ಒಂದಿಷ್ಟು ಗಿಡ್ಡವಾಗಿ. ತಮ್ಮನ ಹೆಂಡತಿಯು ಬಾವಿಯಿಂದ ಸೇದಿದ ನೀರನ್ನು ತಂದುಕೊಟ್ಟಳು. ಪೀಪಾಯಿಯ ನಲ್ಲಿಯನ್ನು ಮಾತ್ರ ಈಗ ತಮ್ಮನೇ ತಿರುಗಿಸುತ್ತಾನೆ.