ಗಾಳ ಹಾಕುವವನ ದಂಡೆ

ಜಮಖಂಡಿಯವನಿಗೆ ಕಡಲ ಮೀನಿನ ಚಿಂತೆ ಏತಕ್ಕೆ ಎಂದು ಓದುಗರು ನಗಬಹುದು. ನಗುವವರು ಮಳೆಗಾಲ ಮುಗಿಯುವ ಹೊತ್ತಿಗೆ ಬೀಳಗಿಯ ಕಡೆ ಒಮ್ಮೆ ಬರಬೇಕು. ಆಲಮಟ್ಟಿಯ ಹಿನ್ನೀರು ತುಂಬಿ ನಿಂತಾಗ, ಕೃಷ್ಣೆ ಘಟಪ್ರಭೆಗಳು ಕೂಡುವ ಚಿಕ್ಕಸಂಗಮದ ಸುತ್ತ ಎತ್ತ ನೋಡಿದರೂ ನೀರೇ ನೀರು. ಗಾಳಿ ಬೀಸಿದರೆ ತೆರೆಗಳೂ ಏಳುತ್ತವೆ. ಉಪ್ಪೊಂದನ್ನು ಬಿಟ್ಟರೆ ಕಡಲಿಗೆ ಇರಬೇಕಾದುದೆಲ್ಲ ಅಲ್ಲಿದೆ.

ಹೊಟ್ಟೆಪಾಡಿಗೆ ಬಲೆ ಬೀಸುವವರ ಮಾತನ್ನು ನಾನಿಲ್ಲಿ ಎತ್ತಿಲ್ಲ. ಅವರಿಗೆ ಸಂಘವಿದೆ, ಲೈಸೆನ್ಸು ಇದೆ, ಅಹವಾಲು ಕೇಳಲು ಒಂದು ಇಲಾಖೆಯಿದೆ. ಬಿದಿರು ಕೋಲು, ನೈಲಾನು ದಾರ, ಬೆಂಡಿನ ತುಂಡು, ಡಬ್ಬಿಯಲ್ಲಿ ನಾಲ್ಕು ಎರೆಹುಳು, ಇಷ್ಟನ್ನೇ ಹಿಡಿದು ರಜೆಯ ದಿನ ದಂಡೆಯಲ್ಲಿ ಕೂಡುವ ನಿರುಪದ್ರವಿ ಜನರೂ ಉಂಟಷ್ಟೆ. ಅವರಲ್ಲಿ ನಾನೊಬ್ಬ. ಬನಹಟ್ಟಿಯ ನೇಕಾರ ಕಾಕಾ ಇನ್ನೊಬ್ಬರು. ಮಗ್ಗ ನಿಂತ ದಿನ ಅವರು ಬುತ್ತಿ ಕಟ್ಟಿಕೊಂಡು ಬಂದೇಬಿಡುತ್ತಾರೆ. "ಎಳಿ ಬಿಗಿ ಹಿಡದ್ರ ಹರಿತೈತಿ, ಸಡ್ಲ ಬಿಟ್ರ ತೊಡಕಾಗ್ತೈತಿ ಮಾಸ್ತರ್ರ, ಸೀರಿ ಆದ್ರೇನು, ಮೀನಾದ್ರೇನು" ಎಂಬುದು ಅವರು ನನಗೆ ಕಲಿಸಿದ ಶಾಸ್ತ್ರ. ನಾನಾದರೋ ಮುಧೋಳದ ರನ್ನನನ್ನು ಪಾಠ ಹೇಳುವವನು. ನೀರಿನಲ್ಲಿ ಅಡಗಿದವರನ್ನು ಹೊರಗೆ ಕರೆಯಲು ಭೀಮನ ಗರ್ಜನೆಗಿಂತ ಎರೆಹುಳುವೇ ಮೇಲೆಂಬುದು ನನ್ನ ಸ್ವಂತ ಸಂಶೋಧನೆ.

ನಾನು ಹುಡುಗನಾಗಿದ್ದಾಗ ಬೇಸಗೆಯಲ್ಲಿ ಕೃಷ್ಣೆ ಬತ್ತಿ ಅಲ್ಲೊಂದು ಇಲ್ಲೊಂದು ಮಡು ಉಳಿಯುತ್ತಿತ್ತು. ಮೀನೆಲ್ಲ ಆ ಮಡುಗಳಲ್ಲಿ, ನಾವು ಹುಡುಗರೆಲ್ಲ ಅವುಗಳ ಸುತ್ತ. 1989ರಲ್ಲಿ ಸರಕಾರದ ದಾರಿ ಕಾಯದೆ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಚಿಕ್ಕಪಡಸಲಗಿಯ ಬ್ಯಾರೇಜು ಕಟ್ಟಿದರು. ಮಡುಗಳು ಹೋದವು, ಹೊಲಗಳು ಹಸುರಾದವು. ಆ ವ್ಯಾಪಾರದಲ್ಲಿ ನಷ್ಟವಾಯಿತೆಂದು ನಾನು ಹೇಳಲಾರೆ. ನೀರಿಗೆ ನಮ್ಮಲ್ಲಿ ಎಂಥ ಬಲವೆಂದರೆ, 1991ರ ಲೋಕಸಭೆಯ ಚುನಾವಣೆಯಲ್ಲಿ ಅದೇ ನ್ಯಾಮಗೌಡರು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು!

ಈಗಿನ ಸಂಗತಿ ಬೇರೆ. ಆಲಮಟ್ಟಿಯಲ್ಲಿ ನೀರು ನಿಲ್ಲುವುದು 519.6 ಮೀಟರಿಗೆ. ಅದನ್ನು 524.256ಕ್ಕೆ ಏರಿಸಬಹುದೆಂದು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ತೀರ್ಪಿತ್ತಿತು. ಸಾಂಗಲಿ ಕೊಲ್ಹಾಪುರಗಳಿಗೆ ಮಹಾಪೂರ ಬರುತ್ತದೆಂದು ಮಹಾರಾಷ್ಟ್ರ ತಕರಾರು ತೆಗೆಯಿತು. 2025ರ ಸೆಪ್ಟೆಂಬರಿನಲ್ಲಿ ನಮ್ಮ ಮಂತ್ರಿಮಂಡಲ ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ಪರಿಹಾರ ಗೊತ್ತುಮಾಡಿತು. ಮುಳುಗುವುದು 75 ಸಾವಿರ ಎಕರೆಗೂ ಮಿಕ್ಕಿದ ನೆಲ. ನಾನೂ ಕಾಕಾನೂ ಕೂಡುವ ಹುಣಸೆಯ ಬುಡ ಅದರೊಳಗಿದೆ. ಏರುವ ನೀರು ಹೆಚ್ಚುಕಡಿಮೆ ಮೂರಾಳುದ್ದ.

ಮನೆ ಹೊಲ ಕಳೆದುಕೊಳ್ಳುವವರ ಮುಂದೆ ಗಾಳದ ದುಃಖ ತೋಡಿಕೊಳ್ಳುವುದು ಸಭ್ಯತೆಯಲ್ಲ, ನಿಜ. ಆದರೂ ಒಂದು ಮಾತು. ಸರ್ವೆಯವರು ಮನೆ ಎಣಿಸುತ್ತಾರೆ, ಬಾವಿ ಎಣಿಸುತ್ತಾರೆ, ಮಾವಿನ ಗಿಡ ಎಣಿಸುತ್ತಾರೆ. ದಂಡೆಯನ್ನು ಎಣಿಸುವ ಕಾಲಂ ಅವರ ಪುಸ್ತಕದಲ್ಲಿಲ್ಲ. ಕೂತವನಿಗೆ ಪಟ್ಟಾ ಇಲ್ಲ. ಪಟ್ಟಾ ಇಲ್ಲದವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಇದು ಕಾಯಿದೆಯ ತರ್ಕ.

ಗಾಳದವನ ಗತಿ ಎಲ್ಲೆಡೆಯೂ ಹೀಗೆಯೇ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಮಶೀರ್ ಮೀನನ್ನು ಹಿಡಿದು, ತೂಗಿ, ಮರಳಿ ನೀರಿಗೆ ಬಿಡುವ ಆಟವಿತ್ತು. ವನ್ಯಧಾಮದಲ್ಲಿ ಅದು ಸಲ್ಲದೆಂದು 2012ರ ಹೊತ್ತಿಗೆ ನಿಂತಿತು. ಗಾಳದವರು ಇದ್ದಷ್ಟು ದಿನ ಸಿಡಿಮದ್ದು ಹಾಕುವವರು ದೂರವಿದ್ದರೆಂಬುದು ಬಲ್ಲವರ ವಾದ. ಅದರಲ್ಲಿ ಹುರುಳಿದೆಯೆಂದೇ ನನಗನ್ನಿಸುತ್ತದೆ. ಅತ್ತ ಬ್ರಿಟನ್ನಿನ ಸುತ್ತಲ ಕಡಲಿನಲ್ಲಿ 2016ರಲ್ಲಿ ಐರೋಪ್ಯ ಒಕ್ಕೂಟ ಇಟ್ಟ ಕಟ್ಟಳೆ ಇದು: ಬಾಸ್ ಎಂಬ ಮೀನು ಗಾಳಕ್ಕೆ ಸಿಕ್ಕರೆ ಮೊದಲ ಆರು ತಿಂಗಳು ಮರಳಿ ಬಿಡಬೇಕು, ಆಮೇಲೆ ದಿನಕ್ಕೆ ಒಂದೇ. ಕೆಲವು ಬಗೆಯ ಬಲೆಯ ದೋಣಿಗಳಿಗೆ ಮಾತ್ರ ತಿಂಗಳಿಗೆ ಟನ್ನಿನ ಲೆಕ್ಕ! ಆದರೆ ಆ ಗಾಳದವರು ಸಂಘ ಕಟ್ಟಿದ್ದರು. ಪಾರ್ಲಿಮೆಂಟಿನ ಸದಸ್ಯರಿಗೆ ಕಾಗದ ಬರೆದು ಬರೆದು ಕಾಡಿದರು.

ನಾವು ಕೇಳಬೇಕಾದುದು ಅಣೆಕಟ್ಟು ಬೇಡವೆಂದಲ್ಲ. ನೀರು ಏರಿ ನಿಂತಲ್ಲಿ, ಪ್ರತಿಯೊಂದು ಪುನರ್ವಸತಿ ಊರಿಗೆ ನೂರು ಹೆಜ್ಜೆ ದಂಡೆ, ಇಳಿಯಲು ಕಲ್ಲಿನ ಪಾವಟಿಗೆ, ನೆರಳಿಗೆ ನಾಲ್ಕು ಗಿಡ. ಯಾರ ಗುತ್ತಿಗೆಗೂ ಸೇರದೆ ಊರ ಜನಕ್ಕೆಲ್ಲ ಬಿಟ್ಟ ಜಾಗ. ಬಟ್ಟೆ ಒಗೆಯುವವರಿಗೂ, ಎತ್ತು ಮೈತೊಳೆಯುವವರಿಗೂ ಅದು ಬೇಕೇ ಬೇಕು.

ಇದನ್ನು ಕಾಕಾನ ಮುಂದೆ ಹೇಳಿದೆ. ಅವರು ಬೆಂಡಿನ ಮೇಲಿನ ಕಣ್ಣು ತೆಗೆಯದೆ, "ಅರ್ಜಿ ಯಾರಿಗಿ ಬರೀತೀರಿ ಮಾಸ್ತರ್ರ, ನೀರಿನವ್ರಿಗೋ ಮೀನಿನವ್ರಿಗೋ?" ಎಂದರು.

ಇಬ್ಬರಿಗೂ ಒಂದೊಂದು ಪ್ರತಿ ಎಂದು ತೀರ್ಮಾನವಾಯಿತು. ಈಗ ಸಹಿ ಕೂಡಿಸುತ್ತಿದ್ದೇವೆ. ನಿನ್ನೆಯ ತನಕ ಹನ್ನೊಂದು ಬಿದ್ದಿವೆ, ಅವುಗಳಲ್ಲಿ ಎರಡು ಹೆಬ್ಬೆಟ್ಟು.